ಮಾರುವ ಮುನ್ನ ಒಂದು ಒಳ್ಳೆಯ ಫೋಟೋ

ಗಲ್ಫ್‌ನಲ್ಲಿರುವ ನಾವೆಲ್ಲ ಒಂದಲ್ಲ ಒಂದು ದಿನ ವ್ಯಾಪಾರಿಗಳಾಗುವವರೇ. ಕೆಲಸ ಬದಲಾಗುತ್ತದೆ, ಬಾಡಿಗೆ ಏರುತ್ತದೆ, ಕುಟುಂಬವನ್ನು ಊರಿಗೆ ಕಳಿಸಿ ಬೆಡ್‌ಸ್ಪೇಸ್‌ಗೆ ಸರಿಯಬೇಕಾಗುತ್ತದೆ, ಇಲ್ಲವೇ ಫೈನಲ್ ಎಕ್ಸಿಟ್. ವರ್ಷಗಟ್ಟಲೆ ಒಂದೊಂದಾಗಿ ಕೂಡಿಸಿದ ಫ್ರಿಜ್, ಸೋಫಾ, ವಾಷಿಂಗ್ ಮಷಿನ್, ಮಕ್ಕಳ ಸೈಕಲ್ ಎಲ್ಲವನ್ನೂ ಕೆಲವೇ ದಿನಗಳಲ್ಲಿ ಮಾರಬೇಕು. ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆದು ಡುಬಿಜಲ್‌ಗೋ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೋ ಹಾಕುತ್ತೇವೆ. ಬೆಲೆ ಕೂಗುವ ಹರಾಜಿನ ತಾಣವಿರಲಿ, "ಲಾಸ್ಟ್ ಪ್ರೈಸ್ ಎಷ್ಟು?" ಎಂದು ಚೌಕಾಸಿ ನಡೆಯುವ ತಾಣವಿರಲಿ, ಕೊಳ್ಳುವವರು ಮೊದಲು ನೋಡುವುದು ಫೋಟೋವನ್ನೇ.

ಮಲ್ಪೆ ಬಂದರಿನ ಹರಾಜನ್ನು ನೆನಪಿಸಿಕೊಳ್ಳಿ. ಮೀನಿನ ರಾಶಿ ಕಣ್ಣೆದುರೇ ಇರುತ್ತದೆ. ಕೊಳ್ಳುವವರು ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡಬಹುದು, ಬೆರಳಿನಿಂದ ಒತ್ತಿ ನೋಡಬಹುದು, ಆಮೇಲೆ ಬೆಲೆ ಹೇಳಬಹುದು. ಆನ್‌ಲೈನಿನಲ್ಲಿ ಮುಟ್ಟುವಂತಿಲ್ಲ, ಮೂಸುವಂತಿಲ್ಲ. ಕೈ ಮಾಡುವ ಪರೀಕ್ಷೆಯನ್ನೂ ಕಣ್ಣೇ ಮಾಡಬೇಕು. ಆ ಕಣ್ಣಿಗೆ ಬೇಕಾದದ್ದನ್ನು ತೋರಿಸುವುದು ಮಾರುವವರ ಕೆಲಸ.

ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬವಿತ್ತು. ಯಜಮಾನರ ಕೆಲಸ ಹೋಗಿ, ವೀಸಾ ರದ್ದಾಗಿ, ಟಿಕೆಟ್ ಕೂಡ ಬುಕ್ ಆಗಿತ್ತು. ಸಾಮಾನು ಮಾರಿ ಬಂದ ದುಡ್ಡಿನಲ್ಲೇ ಊರಿನಲ್ಲಿ ಮಕ್ಕಳ ಶಾಲೆಯ ಫೀಸು ಕಟ್ಟಬೇಕಿತ್ತು. ಅವರು ರಾತ್ರಿ ಟ್ಯೂಬ್‌ಲೈಟಿನಲ್ಲಿ ಫ್ಲ್ಯಾಶ್ ಹಾಕಿ ಫೋಟೋ ತೆಗೆದಿದ್ದರು. ಫ್ರಿಜ್ಜಿನ ಬಾಗಿಲ ತುಂಬ ಬಿಳಿ ಹೊಳಪು, ಸೋಫಾದ ಮೇಲೆ ಮಡಚದ ಬಟ್ಟೆಯ ರಾಶಿ. ಮೂರು ದಿನದಲ್ಲಿ ಬಂದದ್ದು ಎರಡೇ ಮೆಸೇಜು, ಎರಡೂ ಕೇಳಿದ ಬೆಲೆಯ ಕಾಲು ಭಾಗಕ್ಕೆ. "ಇದನ್ನೆಲ್ಲ ಕಸದ ಡಬ್ಬದ ಹತ್ರ ಇಟ್ಟ್ ಹೋಪ್ದೇ ಸೈ" ಎಂದರು ಅಕ್ಕ, ನಗುತ್ತಲೇ. ಆ ನಗು ನಮಗೆ ನೋಡಲಾಗಲಿಲ್ಲ.

ರಜೆಯ ದಿನ ಬೆಳಿಗ್ಗೆ ನಾವು ಮೂರ್ನಾಲ್ಕು ಮಂದಿ ಅವರ ಮನೆಗೆ ಹೋದೆವು. ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿದೆವು. ಸೋಫಾವನ್ನು ಕಿಟಕಿಯ ಬಳಿ ಎಳೆದು, ಪರದೆ ಸರಿಸಿ, ಟ್ಯೂಬ್‌ಲೈಟ್ ಆರಿಸಿದೆವು. ಕಿಟಕಿಗೆ ಬೆನ್ನು ಹಾಕಿ ನಿಂತು, ಬೆಳಕು ವಸ್ತುವಿನ ಮೇಲೆ ಬೀಳುವಂತೆ ಫೋಟೋ ತೆಗೆದೆವು. ಸಣ್ಣ ಸಾಮಾನುಗಳ ಹಿಂದೆ ಒಂದೇ ಬಣ್ಣದ ಬೆಡ್‌ಶೀಟ್ ಕಟ್ಟಿದೆವು. ಎಲ್ಲಕ್ಕಿಂತ ಮೊದಲು ಮೊಬೈಲಿನ ಲೆನ್ಸ್ ಒರೆಸಿದ್ದೆವು. ಅಡುಗೆಮನೆಯ ಎಣ್ಣೆಬೆರಳು ತಾಗಿದ ಲೆನ್ಸಿನಲ್ಲಿ ಎಲ್ಲವೂ ಮಂಜು ಮಂಜು. ಅಂದು ಸಂಜೆಯೇ ಫೋನ್ ಬರತೊಡಗಿತು. ಕೇಳಿದಷ್ಟೇ ಬೆಲೆ ಸಿಗಲಿಲ್ಲ, ಆದರೆ ಮರ್ಯಾದೆಯ ಬೆಲೆ ಸಿಕ್ಕಿತು. ಫೀಸಿನ ಚಿಂತೆ ತಪ್ಪಿತು.

ಅಂದಿನಿಂದ ಮನೆ ಖಾಲಿ ಮಾಡುವವರಿಗೆ ನಾವು ಹೇಳುವುದು ಇಷ್ಟು. ಮೊದಲ ಫೋಟೋದಲ್ಲಿ ಇಡೀ ವಸ್ತು ಕಾಣಲಿ. ಆಮೇಲೆ ಪಕ್ಕ, ಹಿಂಭಾಗ, ಒಳಭಾಗ. ಟಿವಿಯನ್ನು ಚಾಲೂ ಮಾಡಿ ತೋರಿಸಿ. ಆರಿದ ಟಿವಿ ಕೆಟ್ಟದ್ದೋ ಏನೋ ಎಂಬ ಅನುಮಾನ ಹುಟ್ಟಿಸುತ್ತದೆ. ಟೇಬಲ್ಲಿನ ಮೇಲೆ ಅಳತೆಯ ಟೇಪು ಬಿಚ್ಚಿಟ್ಟು ತೆಗೆದರೆ "ಸೈಜ್ ಎಷ್ಟು?" ಎಂಬ ಹತ್ತು ಪ್ರಶ್ನೆ ಉಳಿಯುತ್ತದೆ. ಯಂತ್ರಗಳ ಹಿಂದಿರುವ ಲೇಬಲ್ಲನ್ನು ಹತ್ತಿರದಿಂದ ತೆಗೆಯಿರಿ. ಸೌದಿಯಲ್ಲಿ ವಿದ್ಯುತ್ 60 ಹರ್ಟ್ಸ್, ಯುಎಇಯಲ್ಲಿ ಮತ್ತು ನಮ್ಮ ಊರಿನಲ್ಲಿ 50. ಊರಿಗೆ ಕಳಿಸಲು ಕೊಳ್ಳುವವರು ಅದನ್ನೇ ಹುಡುಕುತ್ತಾರೆ. ಕಾರಾದರೆ ಓಡಿದ ಕಿಲೋಮೀಟರ್ ತೋರಿಸುವ ಮೀಟರು, ಟೈರಿನ ಮೇಲಿನ ನಾಲ್ಕು ಅಂಕಿ ಕಾಣಲಿ. 2322 ಎಂದಿದ್ದರೆ ಆ ಟೈರು 2022ರ 23ನೇ ವಾರದಲ್ಲಿ ತಯಾರಾದದ್ದು.

ಗೀರು, ಕಲೆ, ಮುರಿದ ಹಿಡಿಕೆ ಇದ್ದರೆ ಅದಕ್ಕೇ ಒಂದು ಫೋಟೋ ಇರಲಿ, ಪಕ್ಕದಲ್ಲಿ ಒಂದು ದಿರ್ಹಮ್ ನಾಣ್ಯ ಇಟ್ಟು. ಮುಚ್ಚಿಟ್ಟ ಗೀರು ಕೊಳ್ಳುವವರು ಪಿಕಪ್ ಬಾಡಿಗೆ ಕೊಟ್ಟು ಮನೆಗೆ ಬಂದಾಗ ಹೇಗೂ ಕಾಣುತ್ತದೆ. ಆಗ ಅವರು ಇಳಿಸುವ ಬೆಲೆ ಗೀರಿನದ್ದಲ್ಲ, ನಂಬಿಕೆಯದ್ದು. 1995ರಲ್ಲಿ ಶುರುವಾದ ಇಬೇ ಹರಾಜು ತಾಣದಲ್ಲಿ ಮೊದಲು ಮಾರಾಟವಾದದ್ದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟಿದೆ ಎಂದು ಹೇಳಿಯೇ ಮಾರಿದ್ದು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಕೊಳ್ಳುವವರು ಇರುತ್ತಾರೆ.

ಆದರೆ ತೋರಿಸಬಾರದ್ದೂ ಇದೆ. ಫ್ರಿಜ್ಜಿಗೆ ಅಂಟಿಸಿದ ಮಕ್ಕಳ ಶಾಲೆಯ ವೇಳಾಪಟ್ಟಿ, ಮೇಜಿನ ಮೇಲಿನ ಪಾಸ್‌ಪೋರ್ಟ್, ಐಡಿ ಕಾರ್ಡು, ಗೋಡೆಯ ಮೇಲಿನ ಮದುವೆ ಫೋಟೋ, ಕನ್ನಡಿಯಲ್ಲಿ ಕಾಣುವ ಮನೆಯವರು ಯಾವುದೂ ಬೇಡ. ಫೋನ್ ಮಾರುವಾಗ ಅದರ ಐಎಂಇಐ ಸಂಖ್ಯೆ ಮುಚ್ಚಿ. ವಾಟ್ಸಾಪ್ ಗುಂಪಿಗೆ ಕಳಿಸುವಾಗ ಎಚ್‌ಡಿ ಆಯ್ಕೆ ಮಾಡಿ. ಇಲ್ಲದಿದ್ದರೆ ಫೋಟೋ ಕುಗ್ಗಿ ಸ್ಪಷ್ಟತೆ ಹೋಗುತ್ತದೆ.

ಕಷ್ಟದಲ್ಲಿ ಹೊರಡುವವರಿಗೆ ಇದಕ್ಕೆಲ್ಲ ಮನಸ್ಸೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಅವರ ಸಾಮಾನನ್ನು ಅರ್ಧಕ್ಕರ್ಧ ಬೆಲೆಗೆ ಕೊಂಡುಕೊಳ್ಳಲು ನಮ್ಮವರೇ ಕಾಯುತ್ತಿರುವುದೂ ಉಂಟು. ಅದರ ಬದಲು ರಜೆಯ ಒಂದು ಬೆಳಿಗ್ಗೆ, ಒಂದು ಒರೆಸುವ ಬಟ್ಟೆ, ಒಂದು ಬೆಡ್‌ಶೀಟ್ ಹಿಡಿದು ಅವರ ಬಾಗಿಲು ತಟ್ಟೋಣ. ಒಂದು ತಾಸಿನ ಕೆಲಸ. ಆದರೆ ಹತ್ತಾರು ವರ್ಷ ದುಡಿದವರು ಊರಿಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ.