ಅರಗಿಸಿಕೊಳ್ಳುವ ಮಾತು

ಅಪ್ಪನನ್ನು ದೆಹಲಿಯ ಆಸ್ಪತ್ರೆಯೊಂದರ ತೀವ್ರನಿಗಾ ಘಟಕಕ್ಕೆ ಸೇರಿಸಿದ ರಾತ್ರಿ, ಮಕ್ಕಳಾದ ನಾವು ಮೂವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಪಿತ್ತಕೋಶದ ಹರಳೊಂದು ಜಾರಿ ನಾಳಕ್ಕೆ ಅಡ್ಡವಾಗಿದೆ, ಮೇದೋಜೀರಕ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತಿದೆ ಎಂದರು ವೈದ್ಯರು. ಹಿಂದಿಯಲ್ಲಿ ಕೇಳಿದ ಆ ಮಾತನ್ನು, ಕ್ವಾರ್ಟರ್ಸಿನಲ್ಲಿ ಕಾಯುತ್ತಿದ್ದ ಅವ್ವನಿಗೆ ಕನ್ನಡದಲ್ಲಿ ಹೇಳುವ ಧೈರ್ಯ ನಮಗಾಗಲಿಲ್ಲ.

ಸಾಹಿತ್ಯ ಓದಿ ಕಡತಗಳ ನಡುವೆ ಸೇರಿಕೊಂಡ ನಮಗೆ ದೇಹದ ಭಾಷೆ ತಿಳಿಯದು. ಕಾಯುವ ದಿನಗಳಲ್ಲಿ ಓದಿ ತಿಳಿದುಕೊಂಡೆವು. ಮಾಂಸವನ್ನೂ ಕರಗಿಸಬಲ್ಲ ಕಿಣ್ವವನ್ನು ಈ ಗ್ರಂಥಿ ಟ್ರಿಪ್ಸಿನೋಜೆನ್ ಎಂಬ ನಿದ್ರಿತ ರೂಪದಲ್ಲಿ ತಯಾರಿಸುತ್ತದೆ. ಸಣ್ಣಕರುಳು ತಲುಪಿದ ಮೇಲಷ್ಟೇ ಅದು ಟ್ರಿಪ್ಸಿನ್ ಆಗಿ ಎಚ್ಚರಗೊಳ್ಳಬೇಕು. ಅಕಸ್ಮಾತ್ ಒಳಗೇ ಎಚ್ಚೆತ್ತರೆ ತಡೆಯಲು ಕಾವಲಿನ ಪ್ರೋಟೀನೂ ಇದೆ. ದಾರಿ ಕಟ್ಟಿ, ಕಾವಲು ಸೋತಾಗ, ಅನ್ನ ಅರಗಿಸಬೇಕಾದ ರಸ ತವರನ್ನೇ ಅರಗಿಸತೊಡಗುತ್ತದೆ. 1896ರಲ್ಲೇ ಹಾನ್ಸ್ ಕಿಯಾರಿ ಎಂಬ ವೈದ್ಯರು ಇದನ್ನು ಸ್ವಯಂಜೀರ್ಣವೆಂದು ಗುರುತಿಸಿದ್ದರು. ಸತ್ತ ದೇಹದಲ್ಲಿ ಜೀವಕೋಶಗಳು ತಮ್ಮವೇ ಕಿಣ್ವಗಳಿಂದ ಕರಗುವುದು ಸಹಜಧರ್ಮ. ಆಟೋಲಿಸಿಸ್ ಎಂದು ಅದರ ಹೆಸರು. ಅಂಥದೇ ಕ್ರಿಯೆ ಉಸಿರಾಡುತ್ತಿರುವ ಅಪ್ಪನೊಳಗೆ ನಡೆದಿತ್ತು. ಅದನ್ನು ನೇರವಾಗಿ ನಿಲ್ಲಿಸುವ ಔಷಧವಿಲ್ಲ. ರಕ್ತನಾಳಕ್ಕೆ ದ್ರವ, ನೋವಿಗೆ ಶಮನ, ಉಳಿದದ್ದು ಕಾಯುವುದು.

ಕಾಯುವಾಗ ನಾವೂ ಒಬ್ಬರನ್ನೊಬ್ಬರು ತಿನ್ನತೊಡಗಿದೆವು. ಹರಳು ಇದೆಯೆಂದು ಹಿಂದಿನ ವರ್ಷವೇ ಧಾರವಾಡದ ಸ್ಕ್ಯಾನಿಂಗಿನಲ್ಲಿ ಗೊತ್ತಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿ ಎಂದಿದ್ದರು. ವರ್ಗಾವಣೆ ಮುಗಿಯಲಿ, ಮಗಳ ಪರೀಕ್ಷೆ ಕಳೆಯಲಿ, ಮಾರ್ಚ್ ಲೆಕ್ಕ ತೀರಲಿ ಎಂದು ಮುಂದೂಡಿದವರು ನಾವು ಮೂವರೂ. ಆ ರಾತ್ರಿ ಮಾತ್ರ ತಪ್ಪು ಇನ್ನಿಬ್ಬರದು ಎಂದು ಮೂವರಿಗೂ ಖಚಿತವಿತ್ತು. ವರ್ಷಗಳಿಂದ ಒಳಗಿಟ್ಟುಕೊಂಡಿದ್ದ ಮಾತುಗಳು ಕಾರಿಡಾರಿನಲ್ಲಿ ಸಿಡಿದವು, ಯಾರೂ ತಡೆಯಲಿಲ್ಲ.

ಇಪ್ಪತ್ಮೂರನೆಯ ದಿನ ಅಪ್ಪ ಮನೆಗೆ ಬಂದರು, ಅರ್ಧ ಶರೀರವಾಗಿ. ಮೆತ್ತನೆಯ ಅನ್ನ, ತಿಳಿಸಾರು ಕಲಸುತ್ತ ಅವ್ವ ಕೇಳಿದಳು, ಆದದ್ದಾದರೂ ಏನು ಎಂದು. ನಮ್ಮಲ್ಲಿ ಚಿಕ್ಕವಳು ಕೊನೆಗೂ ಹೇಳಿದಳು: “ಅರಗಸೂ ರಸ ಹೊರಗ ಬರಲಾರದಽ ಒಳಗಽ ಉಳದಿತ್ತವ್ವಾ.”

“ನಿಮ್ಮಪ್ಪ ಮೊದಲಿಂದನೂ ಹಂಗಽ,” ಎಂದ ಅವ್ವ, ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದಳು. “ಮಕ್ಕಳೂ ಹಂಗಽ.”

ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಾಗ, ಈ ಸಲ ಮೂವರೂ ರಜೆಯ ಅರ್ಜಿ ಬರೆದೆವು.