ಮೂಯಿಯ ಮಂಟೌ, ಅವಳ ರೊಟ್ಟಿ

ಮಳೆ ಜೋರಾಗಿ ಲೋಕಲ್ ರೈಲುಗಳೆಲ್ಲ ನಿಂತುಹೋದ ದಿನ. ಆಫೀಸಿಗೆ ಹೋಗಲಾಗದೆ ಮನೆಯಲ್ಲೇ ಉಳಿದಿದ್ದೆ. ಕಾಲೇಜಿಗೆ ರಜೆ ಸಿಕ್ಕಿದ್ದ ಮಗಳು, "ಬಾ ಪಪ್ಪಾ, ಒಂದು ಸಿನಿಮಾ ತೋರಿಸ್ತೇನೆ. ನಗು ಬರದಿದ್ರೆ ಕೇಳು" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. 2001ರ ಹಾಂಗ್‌ಕಾಂಗ್ ಚಿತ್ರ, ‘ಶಾವೊಲಿನ್ ಸಾಕರ್’. ಸ್ಟೀಫನ್ ಚೌ ಅದರ ನಿರ್ದೇಶಕನೂ ಹೌದು, ನಾಯಕನೂ ಹೌದು.

ನಾಯಕನ ಹೆಸರು ಸಿಂಗ್. ಪಂಜಾಬಿನವನಲ್ಲ, ಚೀನಾದವನೇ. ಶಾವೊಲಿನ್ ಕುಂಗ್‌ಫು ಕಲಿತು ಕಾಲನ್ನು ಉಕ್ಕು ಮಾಡಿಕೊಂಡಿದ್ದಾನೆ. ಆದರೆ ಹೊಟ್ಟೆಪಾಡಿಗೆ ಬೀದಿಯ ಕಸ ಆಯುತ್ತಾನೆ. ಅವನ ಗುರುಬಂಧುಗಳದ್ದೂ ಅದೇ ಪಾಡು. ವಿದ್ಯೆ ಇದೆ, ಬೆಲೆಯಿಲ್ಲ. ಸಣ್ಣಪುಟ್ಟ ಕೆಲಸಗಳಲ್ಲಿ ಮುದುಡಿ ಹೋಗಿದ್ದಾರೆ. ಕಾಲು ಮುರಿಸಿಕೊಂಡು ಕುಂಟುವ ಹಳೆಯ ಫುಟ್‌ಬಾಲ್ ಆಟಗಾರನೊಬ್ಬ ಇವರನ್ನೆಲ್ಲ ಸೇರಿಸಿ ತಂಡ ಕಟ್ಟುತ್ತಾನೆ. ಆಮೇಲೆ ಚೆಂಡು ಬೆಂಕಿಯುಂಡೆಯಾಗುತ್ತದೆ, ಮನುಷ್ಯರು ಗಾಳಿಯಲ್ಲಿ ಹಾರುತ್ತಾರೆ. ಗೋಲಿ ಥೇಟ್ ಬ್ರೂಸ್ ಲೀ! ಅವನನ್ನು ಕಂಡ ಕೂಡಲೇ ನಾನು ಗುರುತಿಸಿದ್ದು ನೋಡಿ ಮಗಳಿಗೆ ಆಶ್ಚರ್ಯ. ಅವಳಿಗೇನು ಗೊತ್ತು? ಹೋಟೆಲಿನಲ್ಲಿದ್ದಾಗ ನಾವು ಹುಡುಗರು ವಾರದ ರಜೆಯ ದಿನ ಮ್ಯಾಟಿನಿಯಲ್ಲಿ ಬ್ರೂಸ್ ಲೀಯನ್ನು ನೋಡಿ ಬಂದು, ರಾತ್ರಿ ಶಟರ್ ಎಳೆದ ಮೇಲೆ ಸಾಂಬಾರಿನ ಸೌಟು ಹಿಡಿದು ಹೊಡೆದಾಡುತ್ತಿದ್ದೆವು. ಊರಿನಲ್ಲಿ ನಮಗೆ ಶಂಕರನಾಗ್ ಕರಾಟೆ ಕಿಂಗ್, ಮುಂಬಯಿಯಲ್ಲಿ ಬ್ರೂಸ್ ಲೀ.

ಬಿದ್ದು ಬಿದ್ದು ನಗುತ್ತಿದ್ದೆ. ಅಷ್ಟರಲ್ಲಿ ಮೂಯಿ ಬಂದಳು.

ಮೂಯಿ ಬೀದಿಬದಿಯಲ್ಲಿ ಮಂಟೌ ಮಾಡುವ ಹುಡುಗಿ. ಮಂಟೌ ಎಂದರೆ ಹಬೆಯಲ್ಲಿ ಬೇಯಿಸಿದ ಮೈದಾದ ಉಂಡೆ, ನಮ್ಮ ಇಡ್ಲಿಯ ದೂರದ ನೆಂಟ. ಮುಖದ ತುಂಬ ಮೊಡವೆ. ಅದನ್ನು ಮುಚ್ಚಲು ಕೂದಲು ಮುಂದಕ್ಕೆ ಬಿಟ್ಟುಕೊಂಡು ತಲೆ ತಗ್ಗಿಸಿಯೇ ಇರುತ್ತಾಳೆ. ಆದರೆ ಹಿಟ್ಟು ನಾದಲು ನಿಂತರೆ ಅವಳ ಕೈಯಲ್ಲಿ ತಾಯ್ ಚೀ ಇಳಿದು ಬರುತ್ತದೆ. ಹಿಟ್ಟು ಗಾಳಿಯಲ್ಲಿ ಸುತ್ತಿ ಸುತ್ತಿ ಅವಳ ಮಾತು ಕೇಳುತ್ತದೆ. ದಾರಿಯಲ್ಲಿ ಹೋಗುವವರಿಗೆ ಕಾಣದ್ದು ಸಿಂಗ್‌ಗೆ ಕಾಣುತ್ತದೆ. ನೀನು ಚೆಂದ ಇದ್ದೀಯ ಎನ್ನುತ್ತಾನೆ. ಅವಳು ಅವನ ಹರಿದ ಬೂಟು ಹೊಲಿದು ಕೊಡುತ್ತಾಳೆ.

ನನಗೆ 1994 ನೆನಪಾಯಿತು. ನಾನಾಗ ಉಡುಪಿ ಹೋಟೆಲೊಂದರಲ್ಲಿ ಟೇಬಲ್ ಒರೆಸುವ ಹುಡುಗ. ಸಂಜೆ ಕನ್ನಡ ರಾತ್ರಿ ಶಾಲೆ, ಹತ್ತನೆಯ ತರಗತಿ. ಹೋಟೆಲಿನ ಹಿಂದೆ ಒಂದು ಕಟ್ಟಡ ಏಳುತ್ತಿತ್ತು. ಅಲ್ಲಿ ತಗಡಿನ ಗುಡಿಸಲುಗಳಲ್ಲಿ ಕಲಬುರಗಿ ಕಡೆಯವರು. ಅವರ ಹುಡುಗಿಯೊಬ್ಬಳು ನಮ್ಮ ಹೋಟೆಲಿಗೆ ನೀರು ತುಂಬಲು, ಈರುಳ್ಳಿ ಹೆಚ್ಚಲು ಬರುತ್ತಿದ್ದಳು. ನನ್ನದೇ ವಯಸ್ಸು. ಅವಳ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಕುಂದಾಪುರದ ಕನ್ನಡ ಅವಳಿಗೆ ಕಾಲು ಭಾಗ.

ಸಂಜೆ ಅವಳು ಮೂರು ಕಲ್ಲಿನ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಪ್ ತಪ್ ಎಂದು ಒಂದೇ ಲಯ. ಅಂಗೈ ಅಗಲದ ಹಿಟ್ಟು ನೋಡುನೋಡುತ್ತ ತಟ್ಟೆಯಗಲ ಆಗುತ್ತಿತ್ತು, ಅಂಚು ಎಲ್ಲೂ ಹರಿಯುತ್ತಿರಲಿಲ್ಲ. ಪುಸ್ತಕ ಹಿಡಿದು ನಾನು ಆ ದಾರಿಯಲ್ಲಿ ಹೋದರೆ, "ಓದಾಕ ಹೋಗೋ ಹುಡುಗ ಖಾಲಿ ಹೊಟ್ಟಿಲೆ ಹೋಗಬಾರ್ದು, ತಿನ್ನು" ಎಂದು ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸಿ ಕೊಡುತ್ತಿದ್ದಳು. ನಿನ್ನ ಕೈಯಲ್ಲಿ ಜಾದೂ ಇದೆ ಎಂದು ಒಂದು ದಿನ ಹೇಳಿದ್ದೆ. ಅವಳು ತಲೆ ತಗ್ಗಿಸಿ ಒಲೆ ಊದತೊಡಗಿದಳು.

ಸಿನಿಮಾದಲ್ಲಿ ತಂಡ ಗೆಲ್ಲತೊಡಗುತ್ತದೆ. ಮೂಯಿ ಒಂದು ದಿನ ಅಲಂಕಾರ ಮಾಡಿಸಿಕೊಂಡು ಬರುತ್ತಾಳೆ. ಉಬ್ಬಿಸಿದ ಕೂದಲು, ಅತಿಯಾದ ಮೇಕಪ್ಪು. ಅದನ್ನು ನೋಡಿ ನಾವು ನಗಬೇಕೆಂದೇ ಆ ದೃಶ್ಯ. ಮಗಳು ನಕ್ಕಳು. ಮೂಯಿ ತನ್ನ ಪ್ರೀತಿ ಹೇಳಿಕೊಂಡಾಗ, ನಾವು ಸ್ನೇಹಿತರು ತಾನೆ ಎಂಬಂತೆ ಸಿಂಗ್ ಜಾರಿಕೊಳ್ಳುತ್ತಾನೆ. ಆಮೇಲೆ ಅವಳ ಕಣ್ಣೀರು ಹಿಟ್ಟಿಗೆ ಬೀಳುತ್ತದೆ.

ನಾನು ನೀರು ಕುಡಿಯುವ ನೆಪದಲ್ಲಿ ಎದ್ದೆ.

ನನ್ನ ಹತ್ತನೆಯ ರಿಸಲ್ಟ್ ಬಂದ ದಿನ ರಾತ್ರಿ ಶಾಲೆಯ ಗೆಳೆಯರು ಹೋಟೆಲಿಗೆ ಬಂದಿದ್ದರು. ಸೇಠರು ಅಂದು ನನ್ನನ್ನೂ ಟೇಬಲ್ಲಿಗೆ ಕೂರಿಸಿದ್ದರು. ನಾನು ದಿನವೂ ಒರೆಸುತ್ತಿದ್ದ ಟೇಬಲ್ಲು. ಆಗ ಅವಳು ಬಂದಳು. ಹೊಸ ಸೀರೆ, ಮುಖಕ್ಕೆ ಬೆಳ್ಳಗೆ ಪೌಡರು, ತಲೆ ತುಂಬ ಅಬ್ಬಲಿಗೆ. ಕೈಯಲ್ಲಿ ಬಟ್ಟೆಯ ಗಂಟು, ಅದರಲ್ಲಿ ಶೇಂಗಾ ಹೋಳಿಗೆ. ಗೆಳೆಯರು ಒಬ್ಬರನ್ನೊಬ್ಬರು ತಿವಿದರು. "ಯಾರೋ ಇದು?" ಎಂದ ಒಬ್ಬ. "ನೀರು ತುಂಬುವವಳು" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವರು ನಕ್ಕರು, ನಾನೂ ನಕ್ಕೆ.

ಮುಂಬಯಿಯಲ್ಲಿ ನಾವು ಯಾರ ಬಗ್ಗೆಯಾದರೂ ಆಡಿಕೊಳ್ಳಬೇಕಾದರೆ ಕನ್ನಡದಲ್ಲಿ ಆಡಿಕೊಳ್ಳುತ್ತೇವೆ, ಅವರಿಗೆ ತಿಳಿಯದಿರಲಿ ಎಂದು. ಅವಳಿಗೆ ಎಲ್ಲ ತಿಳಿದಿತ್ತು. ಗಂಟನ್ನು ಟೇಬಲ್ಲಿನ ಅಂಚಿಗಿಟ್ಟು ಹೋದಳು.

ನಾನೂ ಬಡವ, ನನ್ನನ್ನೂ ಜನ ಹಾಗೆಯೇ ನೋಡುತ್ತಾರೆ ಎಂಬ ನೋವು ಅಷ್ಟು ವರ್ಷ ಇಟ್ಟುಕೊಂಡವನು ನಾನು. ಒಂದೇ ಒಂದು ಮೆಟ್ಟಿಲು ಹತ್ತಿದ್ದೆ, ಅಷ್ಟೆ. ಈ ಚಿತ್ರ ನನ್ನನ್ನು ಹಿಡಿದದ್ದು ಅಲ್ಲಿ. ಕೆಳಗೆ ಬಿದ್ದವನು ಎದ್ದು ನಿಲ್ಲುವ ಕಥೆಗಳು ಬೇಕಾದಷ್ಟಿವೆ. ಹಾಗೆ ಏಳುವಾಗ ಅವನ ಕಾಲು ಯಾರನ್ನು ತುಳಿಯಿತು ಎಂಬುದನ್ನು ಇಂಥ ತಮಾಷೆಯ ಸಿನಿಮಾವೊಂದು ತೋರಿಸೀತು ಎಂದು ನಾನು ಎಣಿಸಿರಲಿಲ್ಲ.

ಕೊನೆಯ ಪಂದ್ಯದಲ್ಲಿ ಸಿಂಗ್‌ನ ಗೋಲಿಗಳೆಲ್ಲ ಪೆಟ್ಟು ತಿಂದು ಮಲಗಿದಾಗ ಮೂಯಿ ತಲೆ ಬೋಳಿಸಿಕೊಂಡು ಬರುತ್ತಾಳೆ. ಮುಖ ಮುಚ್ಚಲು ಈಗ ಕೂದಲಿಲ್ಲ, ತಗ್ಗಿಸಿದ ತಲೆಯೂ ಇಲ್ಲ. ಬಿರುಗಾಳಿಯಂತೆ ಬಂದ ಚೆಂಡನ್ನು ಹಿಟ್ಟು ನಾದಿದ ಅದೇ ಕೈಗಳಿಂದ ತಿರುಗಿಸಿ ತಣಿಸುತ್ತಾಳೆ. ಮಗಳು ಚಪ್ಪಾಳೆ ತಟ್ಟಿದಳು. ನನ್ನ ಮುಖ ನೋಡಿ, "ಏನಾಯ್ತು ಪಪ್ಪಾ?" ಎಂದಳು.

ಹೇಳಿದೆ. ಇಷ್ಟು ವರ್ಷ ಅವಳ ಅಮ್ಮನಿಗೂ ಹೇಳಿರಲಿಲ್ಲ.

"ಮತ್ತೆ ಸಾರಿ ಕೇಳಿದ್ಯಾ?"

"ಮೂರು ದಿನ ಧೈರ್ಯ ಬರಲಿಲ್ಲ. ನಾಲ್ಕನೇ ದಿನ ಹೋದೆ. ಅಲ್ಲಿಯ ಕೆಲಸ ಮುಗಿದಿತ್ತು. ತಗಡು ಬಿಚ್ಚಿಕೊಂಡು ಎಲ್ಲರೂ ಬೇರೆ ಸೈಟಿಗೆ ಹೋಗಿಯಾಗಿತ್ತು. ಮೂರು ಕಲ್ಲು ಮಾತ್ರ ಇತ್ತು."

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೋಳಿಗೆ?" ಎಂದಳು.

ಗೆಳೆಯರು ತಿಂದಿದ್ದರು. ನಾನೂ ಒಂದು ತಿಂದಿದ್ದೆ. ಚೆನ್ನಾಗಿತ್ತು.