ಕಾಂಗ್ ಪಾರ್ಟಿ, ಗಾಡ್ಜಿಲ್ಲಾ ಪಾರ್ಟಿ

ಇನ್ನು ಐದೇ ದಿನ. ಬರೋ ಬುಧವಾರ, ಮಾರ್ಚ್ 24ಕ್ಕೆ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ ರಿಲೀಸ್. ಅಮೆರಿಕದವರಿಗಿಂತ ಒಂದು ವಾರ ಮೊದಲೇ ನಮಗೆ ಸಿಗ್ತಿದೆ. ಆಫೀಸಿನ ಕ್ಯಾಲೆಂಡರಿನಲ್ಲಿ ಅವತ್ತು ಮಧ್ಯಾಹ್ನದಿಂದಲೇ ‘ಬ್ಲಾಕ್ಡ್’ ಅಂತ ಹಾಕಿಟ್ಟಿದ್ದೀನಿ. ಮ್ಯಾನೇಜರ್ ಕೇಳಿದರೆ ಮನೆ ಕೆಲಸ ಅಂತ ಹೇಳೋದು. ಮೂವತ್ತೈದು ವರ್ಷದ, ಹೋಮ್ ಲೋನ್ ಇರೋ ಗಂಡಸೊಬ್ಬ ಒಂದು ದೊಡ್ಡ ಕೋತಿಗೂ ಒಂದು ದೊಡ್ಡ ಹಲ್ಲಿಗೂ ನಡೆಯೋ ಜಗಳ ನೋಡೋಕೆ ರಜಾ ಹಾಕ್ತಿದ್ದಾನೆ ಅಂತ ಬಾಯಿ ಬಿಟ್ಟು ಹೇಳೋಕೆ ಧೈರ್ಯ ಸಾಲಲ್ಲ.

“ಕೊನೇಲಿ ಯಾರು ಗೆದ್ದರು ಅಂತ ಗೊತ್ತಾದ್ರೆ ಸಾಕಲ್ವಾ? ಅದಕ್ಕೆ ಎರಡು ಗಂಟೆ ಯಾಕೆ ಕೂತ್ಕೋಬೇಕು?” ಅಂತಾಳೆ ಹೆಂಡತಿ. ಪ್ರಶ್ನೆ ಸರಿಯಾಗೇ ಇದೆ. ಆದರೆ ನಾನು ಕಾಯ್ತಿರೋದು ಎರಡು ಗಂಟೆಯ ಸಿನಿಮಾಕ್ಕಲ್ಲ. ಇಪ್ಪತ್ತನಾಲ್ಕು ವರ್ಷದ ಒಂದು ಜಗಳದ ತೀರ್ಪಿಗೆ.

ನಮ್ಮೂರು ತಿಪಟೂರು. ಮನೆಗೆ ಕೇಬಲ್ ಬಂದಿದ್ದು 1997ರಲ್ಲಿ. ಆಗಿನ ಕಾಲದ ಮಕ್ಕಳಿಗೆ ನೆನಪಿರಬಹುದು: ರಾತ್ರಿ ಒಂಬತ್ತಕ್ಕೆ ಕಾರ್ಟೂನ್ ನೆಟ್‌ವರ್ಕ್ ಇದ್ದಕ್ಕಿದ್ದ ಹಾಗೆ ಮಾಯವಾಗಿ, ಅದೇ ಜಾಗದಲ್ಲಿ ಟಿಎನ್‌ಟಿ ಅನ್ನೋ ಹಳೇ ಇಂಗ್ಲಿಷ್ ಸಿನಿಮಾಗಳ ಚಾನೆಲ್ ಶುರುವಾಗ್ತಿತ್ತು. ಒಂಬತ್ತರ ತನಕದ ಟೀವಿ ನನ್ನದು. ಅದರಲ್ಲಿ ಹಡಗಿನವರು ಕರೆದಾಗೆಲ್ಲ ಸಮುದ್ರದಿಂದ ಎದ್ದು ಬಂದು ಕಾಪಾಡೋ ಹಸಿರು ಗಾಡ್ಜಿಲ್ಲಾ ನನ್ನವನು. ಒಂಬತ್ತರ ನಂತರದ ಟೀವಿ ಅಣ್ಣಂದು. ಒಂದು ರಾತ್ರಿ ಅವನು ಅಲ್ಲಿ 1933ರ ಕಪ್ಪುಬಿಳುಪು ‘ಕಿಂಗ್ ಕಾಂಗ್’ ನೋಡಿದ. ಬೆಳಿಗ್ಗೆ ಎದ್ದವನು ಯಾರ ಹತ್ತಿರಾನೂ ಮಾತಾಡಲಿಲ್ಲ. ಹಲ್ಲುಜ್ಜುವಾಗ ಮಾತ್ರ, “ಅದನ್ನ ಅಷ್ಟೆತ್ತರದಿಂದ ಬೀಳಿಸಿಬಿಟ್ರು ಕಣೋ” ಅಂದ. ಅವನಿಗಾಗ ಹದಿನೈದು. ನನಗೆ ಹನ್ನೊಂದು.

ಅವತ್ತಿನಿಂದ ಮನೆಯಲ್ಲಿ ಎರಡು ಪಾರ್ಟಿ. ಅಪ್ಪನ ಹಳೇ ಲೆಕ್ಕದ ಪುಸ್ತಕಗಳ ಹಿಂಬದಿಯಲ್ಲಿ ಯುದ್ಧದ ಚಿತ್ರಗಳು. ನನ್ನವನ ಬಾಯಿಂದ ಬೆಂಕಿ, ಅವನವನ ಕೈಯಲ್ಲಿ ತೆಂಗಿನಮರ. ಗೆದ್ದವರಾರು ಅಂತ ಯಾವತ್ತೂ ತೀರ್ಮಾನ ಆಗಲಿಲ್ಲ. ಅಜ್ಜಿ ಮಾತ್ರ, “ಕೃಷ್ಣಾರ್ಜುನರ ಕಾಳಗ ಆದಂಗಾಯ್ತು ನಿಮ್ದು” ಅಂತಿದ್ದಳು. ಆ ಕಥೆ ನಿಮಗೂ ಗೊತ್ತಿರುತ್ತೆ. ಗಯ ಅನ್ನೋ ಗಂಧರ್ವನನ್ನ ಕೊಲ್ತೀನಿ ಅಂತ ಕೃಷ್ಣನ ಶಪಥ, ಕಾಯ್ತೀನಿ ಅಂತ ಅರ್ಜುನನ ಅಭಯ. ಸೋಲೋದು ಇಬ್ಬರಿಗೂ ಸಾಧ್ಯವಿಲ್ಲ. ಅದು ಗೊತ್ತಿದ್ದೂ ಜನ ರಾತ್ರಿಯಿಡೀ ನಿದ್ದೆಗೆಟ್ಟು ಆಟ ನೋಡ್ತಾರೆ. ಇಂಗ್ಲಿಷಿನವರು ಈಗ ಕ್ರಾಸ್‌ಓವರ್ ಅಂತ ಕರೆಯೋದನ್ನ ನಮ್ಮಜ್ಜಿ ಕಾಳಗ ಅಂತಿದ್ದಳು, ಅಷ್ಟೇ ವ್ಯತ್ಯಾಸ.

ದೊಡ್ಡವನಾದ ಮೇಲೆ ಈ ಇಬ್ಬರ ಜಾತಕವನ್ನೂ ಹುಡುಕಿ ಓದಿದೆ. ಓದಿದಷ್ಟೂ ನಮ್ಮ ಜಗಳ ಪೆದ್ದುತನ ಅನ್ನಿಸ್ತಾ ಹೋಯ್ತು.

1933ರ ಕಾಂಗ್ ಅಂದರೆ ಸುಮಾರು ಒಂದೂವರೆ ಅಡಿ ಎತ್ತರದ ಬೊಂಬೆ. ಒಳಗೆ ಲೋಹದ ಮೂಳೆ, ಮೇಲೆ ಮೊಲದ ತುಪ್ಪಳ. ವಿಲ್ಲಿಸ್ ಒ’ಬ್ರಯನ್ ಮತ್ತವನ ತಂಡದವರು ಅದನ್ನ ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್ ತೆಗೆಯೋದು, ಮತ್ತೆ ಸರಿಸೋದು, ಮತ್ತೊಂದು ಫ್ರೇಮ್. ಸಿನಿಮಾದಲ್ಲಿ ಕಾಂಗ್‌ನ ಮೈಕೂದಲು ಗಾಳಿ ಬೀಸಿದ ಹಾಗೆ ಅಲ್ಲಾಡುತ್ತಲ್ಲ, ಅದು ಗಾಳಿಯಲ್ಲ, ಸರಿಸಿದವರ ಬೆರಳಿನ ಗುರುತು. ಆ ಬೊಂಬೆ ಎಂಪೈರ್ ಸ್ಟೇಟ್ ಬಿಲ್ಡಿಂಗಿನಿಂದ ಬಿದ್ದಾಗ ಜಗತ್ತೆಲ್ಲ ಅತ್ತಿತು. ಅಣ್ಣ ಕೂಡ ಅತ್ತಿದ್ದ ಅನ್ನೋದು ನನಗೆ ಈಗ ಗೊತ್ತು.

ಆ ಸಿನಿಮಾ ನೋಡಿ ತಲೆ ಕೆಡಿಸಿಕೊಂಡವರಲ್ಲಿ ಜಪಾನಿನ ಎಯ್ಜಿ ತ್ಸುಬುರಾಯ ಕೂಡ ಒಬ್ಬ. ಇಂಥದ್ದೊಂದನ್ನ ನಾನೂ ಮಾಡಬೇಕು ಅಂತ ಅವನಿಗೆ ಹಟ ಹಿಡಿಯಿತು. 1954ರಲ್ಲಿ ‘ಗೊಜಿರಾ’ ಬಂದಾಗ ಅದರ ಸ್ಪೆಷಲ್ ಎಫೆಕ್ಟ್ಸ್ ಅವನದೇ. ಒಂದೊಂದೇ ಫ್ರೇಮ್ ತೆಗೆಯೋಷ್ಟು ಟೈಮೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಗಾಗಿ ಹರುವೊ ನಕಜಿಮಾ ಅನ್ನೋ ನಟನಿಗೆ ಮಣಭಾರದ ರಬ್ಬರ್ ಸೂಟ್ ತೊಡಿಸಿ ಬೊಂಬೆ ಟೋಕಿಯೋವನ್ನ ತುಳಿಸಿದರು. ಹೆಸರಿನಲ್ಲೂ ನೆಂಟಸ್ತಿಕೆ ಇದೆ ನೋಡಿ. ಜಪಾನಿಯಲ್ಲಿ ಗೊರಿರಾ ಅಂದರೆ ಗೊರಿಲ್ಲಾ, ಕುಜಿರಾ ಅಂದರೆ ತಿಮಿಂಗಿಲ. ಎರಡೂ ಸೇರಿ ಗೊಜಿರಾ. ಅಂದರೆ ನನ್ನ ಗಾಡ್ಜಿಲ್ಲಾನ ಹೆಸರಿನಲ್ಲೇ ಅಣ್ಣನ ಗೊರಿಲ್ಲಾ ಅರ್ಧ ಕೂತಿದ್ದಾನೆ. ಕಾಂಗ್ ಇಲ್ಲದಿದ್ದರೆ ಇವನು ಹುಟ್ಟುತ್ತಲೇ ಇರಲಿಲ್ಲವೇನೋ. ಇಪ್ಪತ್ತೊಂದು ವರ್ಷ ದೊಡ್ಡ ಅಣ್ಣ.

ಆ ಮೊದಲ ಸಿನಿಮಾ ತಮಾಷೆಯದ್ದಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಮೀನು ಹಿಡಿಯೋಕೆ ಹೋಗಿದ್ದ ಜಪಾನಿನ ದೋಣಿಯೊಂದರ 23 ಜನರ ಮೇಲೆ ವಿಕಿರಣದ ಬೂದಿ ಬಿತ್ತು. ದೋಣಿಯ ರೇಡಿಯೋ ಆಪರೇಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡ. ನವೆಂಬರ್ 3ಕ್ಕೆ ‘ಗೊಜಿರಾ’ ತೆರೆಗೆ ಬಂತು. ಅದರ ಶುರುವಿನಲ್ಲೇ ಸಮುದ್ರದಲ್ಲೊಂದು ಬೆಳಕು, ಸುಟ್ಟುಹೋಗೋ ಹಡಗು. ಹಿರೋಷಿಮಾ ನಾಗಾಸಾಕಿ ಆಗಿ ಆಗಿನ್ನೂ ಒಂಬತ್ತು ವರ್ಷ. ಥಿಯೇಟರಿನಲ್ಲಿ ಕೂತವರಿಗೆ ಅದು ಏನು ಅಂತ ಯಾರೂ ವಿವರಿಸಬೇಕಾಗಿರಲಿಲ್ಲ.

ಅಂದರೆ, ಒಬ್ಬನನ್ನ ಅವನ ದ್ವೀಪದಿಂದ ಸರಪಳಿ ಹಾಕಿ ಎಳೆದು ತಂದರು. ಇನ್ನೊಬ್ಬನನ್ನ ಬಾಂಬ್ ಹಾಕಿ ಎಬ್ಬಿಸಿದರು. ಇವರಿಬ್ಬರ ನಡುವೆ ಯಾವ ಜಗಳ ಇತ್ತು, ಹೇಳಿ? ಮತ್ತೆ ಕಾಳಗ ಇಟ್ಟವರು ಯಾರು?

ಈ ಪ್ರಶ್ನೆಗೆ 1962ರ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ದಲ್ಲಿ ನೇರ ಉತ್ತರ ಇದೆ. ಔಷಧಿ ಕಂಪನಿಯ ಯಜಮಾನನೊಬ್ಬ ತಾನು ಸ್ಪಾನ್ಸರ್ ಮಾಡೋ ಟೀವಿ ಕಾರ್ಯಕ್ರಮವನ್ನ ಜನ ನೋಡ್ತಿಲ್ಲ ಅಂತ ತಲೆ ಕೆಡಿಸಿಕೊಂಡು, ಪಬ್ಲಿಸಿಟಿಗೆ ಅಂತ ದ್ವೀಪದಿಂದ ಕಾಂಗ್‌ನನ್ನ ಹಿಡಿದು ತರಿಸ್ತಾನೆ. ಆಮೇಲೆ ಅವನನ್ನ ಬಲೂನುಗಳಿಗೆ ಕಟ್ಟಿ ಹಾರಿಸಿಕೊಂಡು ಹೋಗಿ ಫ್ಯೂಜಿ ಪರ್ವತದ ಹತ್ತಿರ ಗಾಡ್ಜಿಲ್ಲಾನ ಮುಂದೆ ಬಿಡ್ತಾರೆ. ನಿರ್ದೇಶಕ ಇಷಿರೋ ಹೊಂಡಾ ಟೀವಿ ಕಂಪನಿಗಳ ಟಿಆರ್‌ಪಿ ಹುಚ್ಚನ್ನ ಆಡಿಕೊಂಡು ನಗೋಕೇ ಈ ಸಿನಿಮಾ ಮಾಡಿದ್ದು. ಜನ ನಕ್ಕರು. ಜೊತೆಗೆ ಮುಗಿಬಿದ್ದು ನೋಡಿದರು. ಜಪಾನಿನಲ್ಲಿ ಗಾಡ್ಜಿಲ್ಲಾ ಸಿನಿಮಾಗಳಲ್ಲೇ ಅತಿ ಹೆಚ್ಚು ಟಿಕೆಟ್ ಮಾರಾಟವಾಗಿದ್ದು ಇದಕ್ಕೆ.

ಇದರ ಹಿಂದೆ ಇನ್ನೊಂದು ಸಂಕಟದ ಕಥೆ ಇದೆ. ಕಾಂಗ್‌ನನ್ನ ಬೇರೊಂದು ದೈತ್ಯನ ಮುಂದೆ ನಿಲ್ಲಿಸೋ ಐಡಿಯಾ ಮೊದಲು ಬಂದಿದ್ದು ಅದೇ ವಿಲ್ಲಿಸ್ ಒ’ಬ್ರಯನ್‌ಗೆ. ಫ್ರಾಂಕೆನ್‌ಸ್ಟೈನ್ ಜೊತೆ ಸೆಣಸಾಟ ಅಂತ ಅವನ ಪ್ಲ್ಯಾನ್. ಅದನ್ನ ಹಿಡಿದುಕೊಂಡು ಹೋದ ನಿರ್ಮಾಪಕ ಅವನಿಗೆ ಹೇಳದೇ ಜಪಾನಿನವರ ಜೊತೆ ವ್ಯವಹಾರ ಮುಗಿಸಿಬಿಟ್ಟ. ಸಿನಿಮಾ ಆಗಸ್ಟಿನಲ್ಲಿ ಬಂತು. ಒ’ಬ್ರಯನ್ ನವೆಂಬರಿನಲ್ಲಿ ಹೋಗಿಬಿಟ್ಟ. ಬೆರಳಿನ ಗುರುತು ಬಿಟ್ಟವನಿಗೆ ಪಾಲು ಸಿಗಲಿಲ್ಲ.

‘ಪಾಲು’ ಅಂದೆನಲ್ಲ, ಈಗ ನಮ್ಮ ಮನೆಗೆ ಬರ್ತೀನಿ.

2008ರಲ್ಲಿ ನಾನು ಇಂಜಿನಿಯರಿಂಗ್ ಮುಗಿಸಿ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಈ 1962ರ ಸಿನಿಮಾ ಇತ್ತು. ಅಮೆರಿಕದವರು ಇಂಗ್ಲಿಷ್ ಡಬ್ ಮಾಡಿ, ನಡುವೆ ತಮ್ಮದೇ ಒಬ್ಬ ನ್ಯೂಸ್ ಓದೋನನ್ನ ತುರುಕಿದ ಆವೃತ್ತಿ. ಅಣ್ಣನೂ ನಾನೂ ಅಟ್ಟದ ಕೆಳಗೆ ಕೂತು ನೋಡಿದೆವು. ಮೇಲೆ ಕೊಬ್ಬರಿ ಒಣಗ್ತಿತ್ತು. ಕೊನೆಯಲ್ಲಿ ಎರಡೂ ಉರುಳಿಕೊಂಡು ಸಮುದ್ರಕ್ಕೆ ಬೀಳ್ತವೆ. ಸ್ವಲ್ಪ ಹೊತ್ತಿಗೆ ಕಾಂಗ್ ಒಬ್ಬನೇ ಮೇಲೆದ್ದು ತನ್ನ ದ್ವೀಪದ ಕಡೆ ಈಜಿಕೊಂಡು ಹೋಗ್ತಾನೆ. ಅಣ್ಣ ತೊಡೆ ತಟ್ಟಿಕೊಂಡು ಎದ್ದ. ಹನ್ನೊಂದು ವರ್ಷದ ಬಾಕಿ ಅದು.

ನಾನು ಸುಮ್ಮನಿರಬಹುದಿತ್ತು. “ಇದು ಅಮೆರಿಕದವರು ಬದಲಾಯಿಸಿದ್ದು. ಜಪಾನಿನ ಒರಿಜಿನಲ್‌ನಲ್ಲಿ ಗಾಡ್ಜಿಲ್ಲಾನೇ ಗೆಲ್ಲೋದು” ಅಂದೆ. ಎಲ್ಲೋ ಓದಿದ್ದೆ. ಅಣ್ಣ ಮತ್ತೆ ಕೂತ. “ಹೌದಾ?” ಅಂದ. ಪಿಯುಸಿಗೆ ಓದು ಬಿಟ್ಟು ತೋಟಕ್ಕೆ ಇಳಿದವನು ಅವನು. ಇಂಗ್ಲಿಷ್ ಬರೋ ತಮ್ಮ ಹೇಳಿದ್ದು ಸರಿಯೇ ಇರುತ್ತೆ ಅನ್ನೋ ನಂಬಿಕೆ. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ನಾನು ಹೇಳಿದ್ದು ಸುಳ್ಳು. ಎರಡು ಕ್ಲೈಮ್ಯಾಕ್ಸ್ ಇದೆ ಅನ್ನೋದು ಬಹಳ ವರ್ಷ ಓಡಾಡಿದ ಗಾಳಿಸುದ್ದಿ. ಜಪಾನಿನ ಆವೃತ್ತಿಯಲ್ಲೂ ಮೇಲೆದ್ದು ಈಜೋದು ಕಾಂಗ್ ಒಬ್ಬನೇ. ಇದು ನನಗೆ ಗೊತ್ತಾಗಿ ಹತ್ತು ವರ್ಷ ಆಯ್ತು. ಅಣ್ಣನಿಗೆ ಹೇಳಿಲ್ಲ.

ಅಪ್ಪ ಹೋಗಿದ್ದು 2019ರಲ್ಲಿ. ಆ ನವೆಂಬರಿನಲ್ಲಿ ನಾನು ಅಣ್ಣನಿಗೆ ಒಂದು ಎಕ್ಸೆಲ್ ಶೀಟ್ ಕಳಿಸಿದೆ. ತೋಟ ಎಷ್ಟು ಗುಂಟೆ, ರೋಡಿನ ಪಕ್ಕದ್ದಕ್ಕೆ ಏನು ರೇಟು, ಮನೆಗೆ ಎಷ್ಟು, ಎರಡು ಭಾಗ ಮಾಡಿದರೆ ತಲಾ ಎಷ್ಟು. ಫ್ಲ್ಯಾಟಿನ ಡೌನ್ ಪೇಮೆಂಟಿಗೆ ನನಗೆ ದುಡ್ಡು ಬೇಕಿತ್ತು. ಬ್ರೋಕರ್ ಒಬ್ಬ ಬಂದು ತೋಟ ನೋಡಿಕೊಂಡೂ ಹೋದ. ನಮ್ಮನ್ನ ಬಲೂನಿಗೆ ಕಟ್ಟಿ ಹಾರಿಸಿದವನು ಆ ಬ್ರೋಕರ್ ಅಂತ ಹೇಳಿಬಿಟ್ಟರೆ ಸುಲಭ. ಆದರೆ ಅವನಿಗೆ ಫೋನ್ ಮಾಡಿದವನು ನಾನೇ. ಶೀಟಿನಲ್ಲಿ ಎಲ್ಲ ಲೆಕ್ಕ ಸರಿಯಾಗಿತ್ತು. ಬತ್ತಿದ ಬೋರ್‌ವೆಲ್‌ಗಳಿಗೆ ಅಣ್ಣ ಸುರಿದ ದುಡ್ಡಿನ ಕಾಲಮ್ ಇರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಅವನು ಮಲಗಿದ ರಾತ್ರಿಗಳ ಕಾಲಮ್ ಇರಲಿಲ್ಲ. ಅಣ್ಣ ವಾಪಸ್ ಕಳಿಸಿದ್ದು ಎರಡೇ ಅಕ್ಷರ: “ಓಕೆ.”

ಆಮೇಲೆ ಲಾಕ್‌ಡೌನ್ ಬಂತು. ಯುಗಾದಿಗೆ ಹೋಗಲಿಲ್ಲ, ಗೌರಿ ಹಬ್ಬಕ್ಕೆ ಹೋಗಲಿಲ್ಲ. ಕೊರೊನಾ ಅನ್ನೋ ನೆಪ ಇಬ್ಬರಿಗೂ ಅನುಕೂಲವಾಗೇ ಇತ್ತು. ಅಮ್ಮನ ಫೋನಿನಲ್ಲಿ ಹಿಂದಿನಿಂದ ಅವನ ದನಿ ಕೇಳೋದು. ನಾನು ಮಾತು ಬದಲಾಯಿಸೋದು. ತೋಟ ಮಾರಲಿಲ್ಲ. ಫ್ಲ್ಯಾಟಿಗೆ ಸಾಲ ಜಾಸ್ತಿ ಮಾಡಿಕೊಂಡೆ. ಜಗಳ ಮಾತ್ರ ಹಾಗೇ ಉಳಿಯಿತು.

ಈ ಸಿನಿಮಾ ಕೂಡ ಕಳೆದ ವರ್ಷವೇ ಬರಬೇಕಿತ್ತು. ನವೆಂಬರಿಗೆ ಅಂದರು, ಮೇ ಅಂದರು, ಆಮೇಲೆ ಇದ್ದಕ್ಕಿದ್ದ ಹಾಗೆ ಮಾರ್ಚಿಗೆ ಹಿಂದೆ ತಂದರು. ಜನವರಿ 24ರ ಭಾನುವಾರ ಟ್ರೇಲರ್ ಬಿಟ್ಟರು. ನೋಡಿರ್ತೀರಿ, ಯುದ್ಧನೌಕೆಯ ಮೇಲೆ ನಿಂತು ಕಾಂಗ್ ಗಾಡ್ಜಿಲ್ಲಾನ ಮುಖಕ್ಕೆ ಒಂದು ಗುದ್ದು ಬಿಡ್ತಾನೆ. 2017ರ ಸಿನಿಮಾದಲ್ಲಿ ಸುಮಾರು 100 ಅಡಿ ಇದ್ದ ಕಾಂಗ್, 2014ರಲ್ಲೇ 355 ಅಡಿ ಇದ್ದ ಗಾಡ್ಜಿಲ್ಲಾನ ಭುಜಕ್ಕೆ ಹೇಗೆ ಬಂದ ಅಂತ ಲೆಕ್ಕ ಹಾಕ್ತಾ ಕೂತಿದ್ದೆ. ಕಾಂಗ್ ಇನ್ನೂ ಬೆಳೀತಿದ್ದಾನೆ ಅಂತ ಆ ಹಳೇ ಸಿನಿಮಾದಲ್ಲೇ ಒಂದು ಸಮಜಾಯಿಷಿ ಇಟ್ಟಿದ್ದರು. ಅದೇ ಹೊತ್ತಿಗೆ ಫೋನ್ ಟಣ್ ಅಂತು. ಅಣ್ಣ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ತಾನಾಗಿ ಕಳಿಸಿದ ಮೆಸೇಜು. ಟ್ರೇಲರಿನ ಲಿಂಕು, ಕೆಳಗೆ ಒಂದು ಸಾಲು:

“ನಿಂದು ಈ ಸಲ ಒದೆ ತಿನ್ನುತ್ತೆ.”

ಹತ್ತು ನಿಮಿಷ ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ. ಕೊನೆಗೆ “ನೋಡೋಣ” ಅಂತ ಬರೆದೆ. ಅಲ್ಲಿಂದ ಈ ಎರಡು ತಿಂಗಳು ದಿನಕ್ಕೊಂದು ಮೆಸೇಜು. ಗಾಡ್ಜಿಲ್ಲಾ ಉಗುಳೋ ನೀಲಿ ಬೆಂಕಿಗೆ ಕೊಡಲಿ ಅಡ್ಡ ಹಿಡಿಯೋಕೆ ಆಗುತ್ತಾ? ಟ್ರೇಲರಿನ ಮೂಲೆಯಲ್ಲಿ ಕಂಡಿದ್ದು ಕಬ್ಬಿಣದ ಗಾಡ್ಜಿಲ್ಲಾನಾ? ಹಾಗಿದ್ದರೆ ಕೊನೆಗೆ ಇಬ್ಬರೂ ಸೇರಿ ಅದನ್ನೇ ಹೊಡೀತಾರಾ? ತೋಟದ ಸುದ್ದಿ ಇಲ್ಲ, ಶೀಟಿನ ಸುದ್ದಿ ಇಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಜಗಳವನ್ನ ಇಬ್ಬರೂ ಮತ್ತೆ ಕೈಗೆತ್ತಿಕೊಂಡಿದ್ದೀವಿ. ಹೊಸ ಜಗಳಕ್ಕಿಂತ ಅದು ಹಗುರ.

ಮೊನ್ನೆ ಕೇಳಿದೆ, “ಬೆಂಗಳೂರಿಗೆ ಬಾ, ಒಟ್ಟಿಗೆ ನೋಡೋಣ.” “ಕನ್ನಡದಲ್ಲಿ ಇದೆಯಾ?” ಅಂದ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಲ್ಲಿ ಬರ್ತಿದೆ. ಕನ್ನಡದಲ್ಲಿ ಇಲ್ಲ. “ಹೊಡೆದಾಟಕ್ಕೆ ಭಾಷೆ ಯಾಕೆ ಬಿಡು” ಅಂತ ಅವನೇ ಅಂದ. ಆಮೇಲೆ, “ಬುಧವಾರ ಕಾಯಿ ಕೀಳೋರು ಬರ್ತಾರೆ. ನೋಡಣ.”

ನಮ್ಮ ಕಡೆ ‘ನೋಡಣ’ ಅಂದರೆ ಬರ್ತೀನಿ ಅಂತಲೂ ಹೌದು, ಬರಲ್ಲ ಅಂತಲೂ ಹೌದು. ಉಂಡೆ ಕೊಬ್ಬರಿ ಮಾಡೋ ಜನಕ್ಕೆ ಕಾಯೋದು ಹೊಸದಲ್ಲ. ಅಟ್ಟಕ್ಕೆ ಏರಿಸಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತಿರಬೇಕು. ಒಳಗಿನ ನೀರು ತಾನಾಗೇ ಇಂಗಬೇಕು. ಅವಸರ ಮಾಡಿ ಒಡೆದರೆ ಕೆಟ್ಟಿತು.

ಬುಕಿಂಗ್ ಓಪನ್ ಆದ ತಕ್ಷಣ ಎರಡು ಟಿಕೆಟ್ ತಗೋತೀನಿ. ಕೇಸುಗಳು ಮತ್ತೆ ಜಾಸ್ತಿ ಆಗ್ತಿವೆ ಅಂತ ನ್ಯೂಸಲ್ಲಿ ಹೇಳ್ತಿದ್ದಾರೆ, ಇನ್ನೊಂದು ಸಲ ಮುಂದಕ್ಕೆ ಹಾಕದಿದ್ದರೆ ಸಾಕು. ಯಾರು ಗೆಲ್ಲಬೇಕು ಅಂತ ನನ್ನನ್ನ ಕೇಳಿದರೆ, ಪಾರ್ಟಿ ಬಿಟ್ಟು ಹೇಳ್ತೀನಿ, ಈ ಸಲ ಕಾಂಗ್ ಗೆದ್ದರೂ ಬೇಜಾರಿಲ್ಲ. ಆದರೆ 1962ರ ವಿಷಯವನ್ನ ಸಿನಿಮಾ ನೋಡೋ ಮೊದಲೇ ಅಣ್ಣನಿಗೆ ಹೇಳಬೇಕು. ಈ ಸಲ ಅವನವನು ಗೆದ್ದ ಮೇಲೆ ಹೇಳಿದರೆ ಅದಕ್ಕೆ ಬೆಲೆ ಇಲ್ಲ. ಸೋತ ಮೇಲೆ ಹೇಳಿದರೆ ಸಮಾಧಾನ ಮಾಡಿದ ಹಾಗಾಗುತ್ತೆ.

ಅವನು ಬಂದರೆ ಟ್ರೈನಿಗೇ ಬರೋದು. ಯಶವಂತಪುರಕ್ಕೆ ನಾನೇ ಹೋಗ್ತೀನಿ. ಅಲ್ಲಿಂದ ಥಿಯೇಟರಿಗೆ ಬರೋಕೆ ನಮ್ಮೂರ ಟ್ರಾಫಿಕ್ಕಿನಲ್ಲಿ ಏನಿಲ್ಲ ಅಂದರೂ ಒಂದು ಗಂಟೆ. ಜಪಾನಿನಲ್ಲೂ ಗೆದ್ದಿದ್ದು ಕಾಂಗೇ ಅಂತ ಹೇಳೋಕೆ ಅಷ್ಟು ಹೊತ್ತು ಸಾಕು.

ಎಕ್ಸೆಲ್ ಶೀಟಿನ ವಿಷಯಕ್ಕೆ ಇಂಟರ್ವಲ್ ಇದ್ದೇ ಇದೆ.